ಒಗೆದು ಬಂದ ಅಂಗಿಗಳು

ಪ್ರೀತಿಯ ತಮ್ಮನಿಗೆ,

ಮಹಾಮಾರಿಯಲ್ಲಿ ಮುಚ್ಚಿದ್ದ ನಿಮ್ಮ ಗಿರಣಿ ಮತ್ತೆ ತೆರೆಯಿತು, ಇನ್ನು ಎಲ್ಲ ಬಿಸಿಲಿನ ಕರೆಂಟೇ, ಭೂಮಿಗೂ ತಂಪು ಎಂದು ನೀನು ಬರೆದದ್ದನ್ನು ನಾನು ಊರೆಲ್ಲ ಹೇಳಿಕೊಂಡು ಬಂದೆ. ಆ ಕಾಯಿಲೆಯಲ್ಲಿ ಸೋತ ನಿನ್ನ ಶ್ವಾಸಕೋಶಕ್ಕೆ ಬಾಯ್ಲರ್ ಕೋಣೆಯ ಕಲ್ಲಿದ್ದಲ ಹೊಗೆ ತಪ್ಪಿತಲ್ಲ ಎಂಬ ಸಮಾಧಾನ ನನಗೆ.

ಆದರೆ ಒಗೆಯಲು ನೀನು ಕಳಿಸಿದ ಅಂಗಿಗಳು ಎಷ್ಟು ನೀರು ಬದಲಿಸಿದರೂ ಕಪ್ಪು ಬಿಡುತ್ತಲೇ ಇದ್ದವು. “ಬಿಸಿಲಿಗೂ ಮಸಿ ಇರುತ್ತದೇನೇ?” ಎಂದು ನಿನ್ನ ಭಾವ ನಕ್ಕರು. ಫೋನಿನಲ್ಲಿ ಕೇಳಿದರೆ, “ಹಳೇ ಗೋಡೆ ಧೂಳು ಕಣಕ್ಕಾ” ಎಂದು ನೀನು ತೇಲಿಸಿಬಿಟ್ಟೆ.

ಈ ವಾರದ ಗಂಟು ಬಿಚ್ಚಿದರೆ ಅಂಗಿಗಳೆಲ್ಲ ಒಗೆದು, ಮಡಿಸಿಕೊಂಡೇ ಬಂದಿವೆ. ಹುಟ್ಟಿದಾಗಿನಿಂದ ಒಂದು ಕರವಸ್ತ್ರ ಒಗೆದವನಲ್ಲ ನೀನು. ಕಪ್ಪು ನೋಡಿದಾಗ ಇಷ್ಟು ಹೆದರಿರಲಿಲ್ಲ ನಾನು.

ಮುಂದಿನ ವಾರ ಒಗೆಯದೆ ಕಳಿಸು. ಇಲ್ಲವಾದರೆ ಬಾಯ್ಲರ್ ಕೋಣೆಗೇ ಬಂದು, ಅಂಗಿ ನಿನ್ನ ಮೈಮೇಲಿರುವಾಗಲೇ ನೋಡುತ್ತೇನೆ.

ನಿನ್ನ ಅಕ್ಕ