ಒಂಬತ್ತನೇ ಸಹಿಗೆ ಮೊದಲು ಒಂದು ಕರೆ ಕೇಳಿಸಿಕೊಳ್ಳಿ

ಕಾರ್ಮಿಕರ ಕೆಲಸದ ಅವಧಿಯನ್ನು ನಿಗದಿಪಡಿಸುವ ಆಯುಕ್ತರಿಗೆ,

ಮಾನ್ಯರೇ,

ಹೋದ ತಿಂಗಳು ನಾನು ನನ್ನ ಸ್ವಂತ ಮಗಳಿಗೆ ನಮ್ಮದೇ ಮನೆಯ ವಿಳಾಸ ಕೇಳಿದೆ. ಅವಳು ಹೇಳಿದಳು, ನಾನು ಬರೆದುಕೊಂಡೆ. ಆಗಲೂ ಅದು ನನ್ನ ಮನೆ ಎಂದು ಹೊಳೆಯಲಿಲ್ಲ. ನಾನು ಕುಡಿದಿರಲಿಲ್ಲ, ನನ್ನ ತಲೆಯೂ ಕೆಟ್ಟಿರಲಿಲ್ಲ. ತಮ್ಮ ಆದೇಶದಂತೆ ಕೆಲಸ ಮಾಡುತ್ತಿದ್ದೆ, ಅಷ್ಟೆ.

ನಾನು ಆಂಬುಲೆನ್ಸ್ ಕೇಂದ್ರದಲ್ಲಿ ತುರ್ತು ಕರೆ ಸ್ವೀಕರಿಸುವವನು. ಮೊದಲು ನಮಗೆ ಎಂಟು ಗಂಟೆಯ ಪಾಳಿ ಇತ್ತು. ಎರಡು ವರ್ಷದ ಹಿಂದೆ, ಜನ ಸಾಲದೆಂದು ನಮ್ಮ ಗುತ್ತಿಗೆ ಸಂಸ್ಥೆ ಕೇಳಿಕೊಂಡಾಗ, ತಾವು ಸಾರ್ವಜನಿಕ ಹಿತದೃಷ್ಟಿಯಿಂದ ಅದನ್ನು ಹದಿನಾಲ್ಕು ಗಂಟೆಗೆ ಏರಿಸಿದಿರಿ. ತಾತ್ಕಾಲಿಕವಾಗಿ, ಮೂರೇ ತಿಂಗಳಿಗೆ. ಆ ಮೂರು ತಿಂಗಳಿಗೆ ಇಲ್ಲಿಯವರೆಗೆ ಎಂಟು ಸಲ ಸಹಿ ಬಿದ್ದಿದೆ. ಬೆಳಿಗ್ಗೆ ಐದಕ್ಕೆ ಕುಳಿತರೆ ಸಂಜೆ ಏಳಕ್ಕೆ ಏಳುವುದು. ನಮ್ಮ ಆಯಾಸ ಸಂಸ್ಥೆಯ ಗಮನಕ್ಕೆ ಬಂದಿಲ್ಲವೆಂದೇನೂ ಅಲ್ಲ. ಒತ್ತಡ ನಿರ್ವಹಣೆಯ ತರಬೇತಿ ಕೊಟ್ಟರು, ಪಾಳಿ ಮುಗಿದ ಮೇಲೆ, ಎರಡು ಗಂಟೆ. ತಮ್ಮ ಕಚೇರಿ ಐದೂವರೆಗೆ ಮುಚ್ಚುತ್ತದೆ. ಖುದ್ದಾಗಿ ಬಂದು ಹೇಳಿಕೊಳ್ಳುವ ಯೋಗ ನನಗಿಲ್ಲದ್ದರಿಂದ ಹೀಗೆ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ಆ ದಿನ ನನ್ನ ಪಾಳಿಯ ಹನ್ನೆರಡನೇ ಗಂಟೆ. ಹೆಂಡತಿ ಬಟ್ಟೆ ಅಂಗಡಿಯ ಕೆಲಸಕ್ಕೆ ಹೋಗಿದ್ದಳು. ಮನೆಯಲ್ಲಿದ್ದವರು ನನ್ನ ತಾಯಿ ಮತ್ತು ಒಂಬತ್ತು ವರ್ಷದ ಮಗಳು. ಅಮ್ಮ ಬಚ್ಚಲಲ್ಲಿ ಕುಸಿದು ಬಿದ್ದರು. ಮಗಳು ಅಳುತ್ತಾ ಕೂರಲಿಲ್ಲ, ನಾನೇ ಹೇಳಿಕೊಟ್ಟಿದ್ದಂತೆ ತುರ್ತು ಸಂಖ್ಯೆ ಒತ್ತಿದಳು. ಇಪ್ಪತ್ತು ಮೇಜುಗಳಲ್ಲಿ ಆ ಕರೆ ನನ್ನ ಮೇಜಿಗೇ ಬಂತು.

"ಅಪ್ಪಾ, ಅಜ್ಜಿ ಬಿದ್ಬಿಟ್ಲು" ಎಂದಳು.

"ಗಾಬರಿಯಾಗಬೇಡಿ. ನಿಮ್ಮ ವಿಳಾಸ ಹೇಳಿ" ಎಂದೆ.

"ಅಪ್ಪಾ, ನಾನು."

"ನಿಮ್ಮ ವಿಳಾಸ ಹೇಳಿ."

ಅಪ್ಪಾ ಎಂದಾಗಲೂ ತಿಳಿಯಲಿಲ್ಲವೇ ಎಂದು ಕೇಳುತ್ತೀರಿ. ಸ್ವಾಮಿ, ನಮಗೆ ಕರೆ ಮಾಡುವವರೆಲ್ಲ ಅಪ್ಪಾ, ಅಮ್ಮಾ, ದೇವರೇ ಎನ್ನುತ್ತಲೇ ಮಾತು ಶುರುಮಾಡುವುದು. ಹನ್ನೆರಡು ಗಂಟೆ ಅದನ್ನೇ ಕೇಳಿದ ಕಿವಿಗೆ ಯಾರ ಅಪ್ಪ, ಯಾರ ಮಗಳು? ಅವಳು ಮನೆ ಸಂಖ್ಯೆ, ಬೀದಿ, ಮಹಡಿ ಎಲ್ಲ ಹೇಳಿದಳು. ನಾನು ಕೀಲಿಮಣೆಯಲ್ಲಿ ಒತ್ತಿಕೊಂಡೆ. ರೋಗಿಗೂ ನಿಮಗೂ ಏನು ಸಂಬಂಧ ಎಂದು ಕೇಳಿದೆ.

"ನಮ್ಮಜ್ಜಿ" ಎಂದಳು. ಸ್ವಲ್ಪ ತಡೆದು, "ನಿನ್ನಮ್ಮ ಕಣಪ್ಪಾ" ಎಂದಳು.

ನಾನು 'ಅಜ್ಜಿ' ಎಂದು ನಮೂದಿಸಿ, ವಾಹನ ಹೊರಟಿದೆ ಎಂದು ತಿಳಿಸಿ, ಮುಂದಿನ ಕರೆ ತೆಗೆದುಕೊಂಡೆ.

ನಮ್ಮ ಫೋನುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ಏಳು ಗಂಟೆಗೆ ತೆಗೆದು ನೋಡಿದರೆ ಹೆಂಡತಿಯ ಹತ್ತೊಂಬತ್ತು ಕರೆ. ತಿರುಗಿ ಕರೆ ಮಾಡಿದೆ. "ರೀ, ಅವಳು ನಿಮ್ಮತ್ರಾನೇ ಮಾತಾಡಿದ್ಳಂತೆ. ನೀವು ಗುರುತೇ ಹಿಡೀಲಿಲ್ವಂತೆ. ಹೌದೇನ್ರಿ?" ಎಂದಳು. ನಾನು ನೇರ ಆಸ್ಪತ್ರೆಗೆ ಓಡಿದೆ.

ಅಮ್ಮ ಉಳಿದರು. ಎಡಗೈ ಇನ್ನೂ ಸ್ವಾಧೀನಕ್ಕೆ ಬಂದಿಲ್ಲ, ಬಾಯಿ ಮಾತ್ರ ಮೊದಲಿನಂತೆಯೇ ಇದೆ. ನಾನು ಕಾಲು ಹಿಡಿದುಕೊಂಡು ಅತ್ತರೆ, "ಬಿಡೋ, ಗಾಡಿ ಕಳಿಸಿದ್ಯಲ್ಲ. ನಮ್ಮಮ್ಮ ಅಂತ ಗೊತ್ತಾಗಿದ್ರೆ ಗಾಬರಿಲಿ ಅದನ್ನೂ ಕಳಿಸ್ತಿರ್ಲಿಲ್ಲ ನೀನು" ಎಂದು ನಕ್ಕರು. ಮಗಳು ನಗಲಿಲ್ಲ. ಅಂದಿನಿಂದ ಅವಳು ನನ್ನೊಡನೆ ಮಾತಾಡುವ ಮೊದಲು ಬಾಗಿಲಲ್ಲಿ ನಿಂತು, "ಅಪ್ಪಾ, ನಾನು, ನಿನ್ನ ಮಗಳು" ಎನ್ನುತ್ತಾಳೆ. ಹಾಗೆ ಹೇಳಬೇಡ ಪುಟ್ಟಿ ಎಂದರೆ ಸುಮ್ಮನೆ ತಲೆಯಾಡಿಸುತ್ತಾಳೆ. ಮರುದಿನ ಮತ್ತೆ ಹೇಳುತ್ತಾಳೆ.

ಇಷ್ಟೇ ಆಗಿದ್ದರೆ ನಮ್ಮ ಹಣೆಬರಹ ಎಂದು ಬಾಯಿ ಮುಚ್ಚಿಕೊಂಡಿರುತ್ತಿದ್ದೆನೇನೋ. ಆದರೆ ಆ ಕರೆಗೆ ನಮ್ಮ ಗುಣಮಟ್ಟ ವಿಭಾಗ ನೂರಕ್ಕೆ ನೂರು ಅಂಕ ಕೊಟ್ಟಿದೆ. ಧ್ವನಿ ಸ್ಥಿರ, ಪ್ರಶ್ನೆಗಳು ಕ್ರಮಬದ್ಧ, ಭಾವೋದ್ವೇಗವಿಲ್ಲ. ದೀರ್ಘ ಪಾಳಿಯಿಂದ ಸೇವೆಯ ಗುಣಮಟ್ಟ ಕುಗ್ಗಿಲ್ಲ ಎಂಬುದಕ್ಕೆ ಪುರಾವೆಯಾಗಿ ಅದೇ ಧ್ವನಿಮುದ್ರಣವನ್ನು ಒಂಬತ್ತನೇ ಸಹಿ ಕೋರುವ ಅರ್ಜಿಗೆ ಲಗತ್ತಿಸಿ ತಮಗೆ ಕಳಿಸಿದ್ದಾರೆ. ಅಂದರೆ ನನ್ನ ಮಗಳು ನನ್ನನ್ನು ಕೂಗಿದ್ದು ಈಗ ತಮ್ಮ ಮೇಜಿನ ಮೇಲಿದೆ.

ಕಷ್ಟವಾದರೆ ಕೆಲಸ ಬಿಡಿ ಎನ್ನಬಹುದು. ಬಿಟ್ಟರೆ ನನ್ನ ಕರೆಗಳೆಲ್ಲ ಪಕ್ಕದ ಮೇಜಿನಾಕೆಯ ತಲೆಗೆ ಬರುತ್ತವೆ. ಮನೆಯಲ್ಲಿ ಕರೆಗಂಟೆ ಸದ್ದಾದರೂ ಆಕೆ "ಲೈನಲ್ಲೇ ಇರಿ" ಎನ್ನುತ್ತಾಳಂತೆ. ಅಂದು ನನ್ನ ಬೆರಳು ಒಂದು ಅಂಕಿ ತಪ್ಪಿದ್ದರೆ ಅಮ್ಮ ಇರುತ್ತಿರಲಿಲ್ಲ. ನಾಳೆ ತಪ್ಪುವುದಿಲ್ಲವೆಂದು ನಾನು ಹೇಳಲಾರೆ, ತಾವು ಹೇಳುತ್ತೀರಾ? ನಾಳೆ ಬೀಳುವವರು ಯಾರ ತಾಯಿಯೋ, ಬಹುಶಃ ತಮ್ಮ ತಾಯಿಯೋ. ನನಗೆ ಭಯವಾಗುತ್ತಿದೆ, ಮಾನ್ಯರೇ. ಪ್ರತಿ ವಿಳಾಸವನ್ನೂ ಎರಡೆರಡು ಸಲ ಓದಿಕೊಳ್ಳುತ್ತಿದ್ದೇನೆ.

ನಮ್ಮ ಎಂಟು ಗಂಟೆಯ ಪಾಳಿಯನ್ನು ನಮಗೆ ಹಿಂತಿರುಗಿಸಿ. ಆ ಅರ್ಜಿಗೆ ಸಹಿ ಹಾಕಬೇಡಿ. ಹಾಕಲೇಬೇಕೆಂದಿದ್ದರೆ, ಮೊದಲು ಕೋಣೆಯ ಬಾಗಿಲು ಹಾಕಿಕೊಂಡು ಆ ಕರೆಯನ್ನು ಪೂರ್ತಿ ಕೇಳಿ. "ಅಪ್ಪಾ, ನಾನು" ಎಂದ ಮೇಲೆ ಎರಡು ಕ್ಷಣ ಯಾರೂ ಮಾತಾಡುವುದಿಲ್ಲ. ಅವಳು ಕಾಯುತ್ತಿದ್ದಾಳೆ.

ಇಂತಿ,
ಹನ್ನೊಂದನೇ ಮೇಜಿನವನು
ರೋಗಿಗೂ ನನಗೂ ಸಂಬಂಧ: ಮಗ
ಕರೆ ಮಾಡಿದವಳಿಗೂ ನನಗೂ ಸಂಬಂಧ: ಅವಳನ್ನೇ ಕೇಳಬೇಕು