ಗ್ಯಾರೇಜಿಗೆ ಬಂದ ಇಂಜಿನಿಯರುಗಳು

ವುಡಿನ್‌ವಿಲ್, ಅಮೆರಿಕ

ಪ್ರೀತಿಯ ಅಕ್ಕನಿಗೆ,

ನಿನ್ನೆ ಕೆಟ್ಟ ಕನಸು ಬಿತ್ತು. ನಿನ್ನ ಮಗಳು ವಿನೀತಾ ಮದುವೆ ಸೀರೆಯಲ್ಲೇ ಇಲ್ಲಿ ರೇಷನ್ ಸಾಲಿನಲ್ಲಿ ನಿಂತಿದ್ದಳು. ಅವಳನ್ನು ಇಲ್ಲಿಯ ಹುಡುಗ ರಾಯ್ಸ್ಟನ್‌ಗೆ ಕೊಡಬಹುದೇ, ಅಮೆರಿಕದವರು ಮೊದಲಿನ ಹಾಗೆ ಚೆನ್ನಾಗಿದ್ದಾರೆಯೇ ಎಂದು ನೀನು ಕೇಳಿದ ಮೇಲೆ ನನಗೆ ಸರಿಯಾದ ನಿದ್ದೆಯಿಲ್ಲ.

ಶನಿವಾರ ಪಕ್ಕದ ಮನೆಯ ಸೋಫಾ, ಪಾತ್ರೆ, ತೊಟ್ಟಿಲು ಎಲ್ಲ ಅಂಗಳಕ್ಕೆ ಬಂದಿದ್ದವು. ಜಪ್ತಿಯೇ ಆಯಿತು, ಪಾಪ, ಒಲೆ ಹಚ್ಚಿರಲಾರರು ಎಂದು ನಾನು ಒಂದು ಪಾತ್ರೆ ಗಂಜಿ, ಚಟ್ನಿ ಒಯ್ದೆ. ಆ ಮನೆಯ ಮುದುಕ ಪಾತ್ರೆಯನ್ನು ತಿರುಗಿಸಿ ನೋಡಿ ರೇಟು ಕೇಳಿದ! ನನ್ನ ಮಗಳು ರೀನಾ ಓಡಿ ಬಂದಳು. “ಅಯ್ಯೋ ಅಮ್ಮ, ಜಪ್ತಿ ಅಲ್ಲ! ಹಳೇ ಸಾಮಾನು ಮಾರ್ತಿದ್ದಾರೆ. ಗ್ಯಾರೇಜ್ ಖಾಲಿ ಮಾಡ್ಬೇಕಂತೆ, ಮಗ ಸೊಸೆ ಅಲ್ಲಿ ಇರೋಕೆ ಬರ್ತಾರೆ.”

ಮುದುಕನ ಅಪ್ಪ ಹಾಲಿನ ಗಾಡಿ ಓಡಿಸಿ ಈ ಮನೆ ಕಟ್ಟಿಸಿದ್ದನಂತೆ. ಈಗ ಮಗನೂ ಇಂಜಿನಿಯರ್, ಸೊಸೆಯೂ ಇಂಜಿನಿಯರ್. ಇಬ್ಬರು ದುಡಿದರೂ ಮನೆ ಕೈಗೆಟುಕದೆ ಕಾರು ನಿಲ್ಲಿಸುವ ಜಾಗಕ್ಕೆ ಬರುತ್ತಿದ್ದಾರೆ. ಕಾರು ಮಳೆಯಲ್ಲಿ ನೆನೆಯುತ್ತಿದೆ.

“ಮುಂಚೆಗಿಂತ ಚೆನ್ನಾಗಿದ್ದೀರಾ?” ಎಂದು ರೀನಾಳ ಬಾಯಲ್ಲಿ ಕೇಳಿಸಿದೆ. “ಇಲ್ಲದೆ ಏನು? ನಮ್ಮಪ್ಪನ ಕಾಲದಲ್ಲಿ ಇಷ್ಟು ದೊಡ್ಡ ಟಿವಿ ಎಲ್ಲಿತ್ತು?” ಎಂದು ಮುದುಕ ಟಿವಿ ತೋರಿಸಿದ. ಅದಕ್ಕೂ ರೇಟಿನ ಚೀಟಿ ಅಂಟಿಸಿದ್ದ.

ನನಗೆ ಬಿಪಿ ಏರಿದೆ. ಊರಿಂದ ತಂದ ಮಾತ್ರೆ ಅರ್ಧರ್ಧ ನುಂಗುತ್ತಿದ್ದೇನೆ, ಇಲ್ಲಿಯ ಡಾಕ್ಟರರ ಫೀಸು ಕೇಳಿದ ಮೇಲೆ ಅವರ ಬಾಗಿಲಿಗೆ ಹೋಗಲು ಧೈರ್ಯವಿಲ್ಲ. ಪೋಸ್ಟ್ ಕಾರ್ಡು ತುಂಬಿತು.

ನಿನ್ನ ತಂಗಿ
ಸೆಲಿನ್

ತಾ.ಕ.: ರಾಯ್ಸ್ಟನ್‌ಗೆ ಸ್ವಂತ ಮನೆ ಇದೆ ಎಂದು ಹುಡುಗನ ಕಡೆಯವರು ಹೇಳಿದರಲ್ಲ, ಅದರಲ್ಲಿ ಅವನು ಮಲಗುವುದು ಎಲ್ಲಿ ಎಂದು ಇನ್ನೊಮ್ಮೆ ಕೇಳಿ ನೋಡು.