ಮೀಟರ್ ಹೇಳಿದ ಸಿಹಿ

ಫೆಬ್ರವರಿ 3, ಸೋಮವಾರ

ಹನ್ನೊಂದು ಗಂಟೆಯೊಳಗೆ ಇಪ್ಪತ್ತೆರಡು ಕ್ರೇಟ್ ಮುಗಿಸಿದೆ. ದ್ರಾಕ್ಷಿಯ ಸಿಹಿ ಹದಿನೆಂಟು. ಸೇಬು ಹದಿಮೂರು. ಕಿತ್ತಳೆ ಹನ್ನೊಂದು, ಎರಡು ಕ್ರೇಟ್ ಒಂಬತ್ತಕ್ಕೇ ನಿಂತವು, ವಾಪಸ್ ಕಳಿಸಿದೆ. ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಕೋಲ್ಡ್ ಸ್ಟೋರೇಜಿಗೆ ಬಂದ ಹಣ್ಣು ಕೊಯ್ದು, ಒಂದು ಹನಿ ರಸ ಮೀಟರಿನ ಗಾಜಿನ ಮೇಲೆ ಬಿಟ್ಟು, ಬೆಳಕಿಗೆ ಹಿಡಿದು ಸಿಹಿಯ ನಂಬರ್ ಓದುವುದು. ಆಮೇಲೆ ಒಂದು ಹೋಳು ಬಾಯಿಗೆ. ನಂಬರೂ ನಾಲಿಗೆಯೂ ಒಪ್ಪಿದರೆ ಮಾತ್ರ ಸೀಲ್.

ಇವತ್ತಿನಿಂದ ಹೋಳು ನುಂಗುವಂತಿಲ್ಲ. ಅಗಿದು ಉಗುಳುವುದು.

ಶನಿವಾರದ ಸ್ಕ್ಯಾನ್ ರಿಪೋರ್ಟ್ ಇನ್ನೂ ಬ್ಯಾಗಿನಲ್ಲೇ ಇದೆ. ನನ್ನ ಲಿವರಿನಲ್ಲಿ ಕೊಬ್ಬು ಶೇಕಡಾ ಇಪ್ಪತ್ತೊಂದು. ಹತ್ತರ ಕೆಳಗೆ ಬಂದರೆ ಮಾತ್ರ ಅದರ ಒಂದು ಭಾಗವನ್ನು ಅಕ್ಕನಿಗೆ ಕೊಡಬಹುದಂತೆ. ಅವಳದು ಪೂರ್ತಿ ಕೆಟ್ಟಿದೆ. ಭಾವ ಇಲ್ಲ, ಮಕ್ಕಳಿಲ್ಲ, ರಕ್ತದ ಗುಂಪು ಹೊಂದುವುದು ನನ್ನದೊಂದೇ. ಆರು ವಾರ ಟೈಮ್ ಕೊಟ್ಟಿದ್ದಾರೆ.

ಡಾಕ್ಟರು ಹೇಳಿದ್ದು — "ತೂಕ ಇಳಿಸಿ, ಸಕ್ಕರೆ ಕಡಿಮೆ ಮಾಡಿ, ನಡೀರಿ. ಡಯೆಟಿಷಿಯನ್ ಹತ್ರ ಒಂದ್ಸಲ ಹೋಗ್ಬನ್ನಿ." ಡಯೆಟಿಷಿಯನ್ ಯಾಕೆ? ಯಾವುದರಲ್ಲಿ ಎಷ್ಟು ಸಕ್ಕರೆ ಎಂದು ನನಗೆ ಹೇಳಿಕೊಡುವವರು ಇನ್ನೂ ಹುಟ್ಟಬೇಕು.

ತೂಕ 74.

ಫೆಬ್ರವರಿ 5, ಬುಧವಾರ

ಅಕ್ಕನ ಮನೆಗೆ ಹೋಗಿದ್ದೆ. ಮುಂದಿನ ಕೋಣೆ ತುಂಬ ಪರದೆ ಬಟ್ಟೆ. ಕಣ್ಣು ಹಳದಿ, ಕಾಲು ಊದಿದೆ, ಆದರೂ ಹೊಲಿಗೆ ಮಿಷನ್ ಬಿಟ್ಟು ಏಳುವುದಿಲ್ಲ ಮಹಾರಾಯ್ತಿ. ಯಾವುದೋ ಲಾಡ್ಜಿಗೆ ಮೂವತ್ತಾರು ಪರದೆ ಒಪ್ಪಿಕೊಂಡಿದ್ದಾಳೆ.

ಹಣ್ಣು ಬಿಟ್ಟೆ ಅಂದೆ.

"ನೀನಾ? ಹಣ್ಣಾ?" ಎಂದು ಸೂಜಿ ಕೆಳಗಿಟ್ಟಳು. "ಮೀಟರಮ್ಮ ಹಣ್ಣು ಬಿಟ್ಟಳಂತೆ! ಮೀನು ನೀರು ಬಿಟ್ಟ ಹಾಗಾಯ್ತಲ್ಲೇ."

"ಎಲ್ಲಾ ಬರೀ ಸಕ್ಕರೆ ಕಣೇ ಅಕ್ಕ. ಹದಿನೆಂಟು ಅಂದ್ರೆ ಸುಮ್ನೆ ಅಲ್ಲ."

ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ಎದ್ದು ಹೋಗಿ ಒಂದು ಡಬ್ಬಿ ತಂದಳು. ರಸ್ಕ್. ಸಕ್ಕರೆ ಹಾಕದ್ದು. "ಹಸಿವಾದಾಗ ಇದನ್ನಾದ್ರೂ ತಿನ್ನು. ಬರೀ ಹೊಟ್ಟೇಲಿ ಸಾಯ್ಬೇಡ." ಅವಳಿಗೇ ನೆಟ್ಟಗೆ ನಿಲ್ಲಲು ಆಗುವುದಿಲ್ಲ, ನನ್ನ ಹಸಿವಿನ ಚಿಂತೆ. ಬಸ್ಸಿನಲ್ಲಿ ಕಣ್ಣು ತುಂಬಿ ಬಂತು.

ಫೆಬ್ರವರಿ 11, ಮಂಗಳವಾರ

ಮಧ್ಯಾಹ್ನ ಊಟದ ಬಿಡುವಿನಲ್ಲಿ ಒಂದು ಪರೀಕ್ಷೆ. ಬ್ರೆಡ್ ತುಂಡನ್ನು ನೀರಿನಲ್ಲಿ ಕಿವುಚಿ, ಸೋಸಿ, ಒಂದು ಹನಿ ಗಾಜಿನ ಮೇಲೆ ಬಿಟ್ಟೆ. ಎರಡು! ಅಕ್ಕನ ರಸ್ಕ್ — ಒಂದೂವರೆ. ಉಪ್ಪು ಬಿಸ್ಕತ್ತು — ಎರಡೂವರೆ.

ಸೇಬು ಹದಿಮೂರು ಎಲ್ಲಿ, ರಸ್ಕ್ ಒಂದೂವರೆ ಎಲ್ಲಿ. ಇಷ್ಟು ದಿನ ದಿನಕ್ಕೆ ಐದಾರು ಹಣ್ಣು ಮುಕ್ಕುತ್ತಿದ್ದೆ. ಕೊಬ್ಬು ಸೇರದೆ ಇನ್ನೇನಾದೀತು!

ಮನೆಯಲ್ಲಿ ಇವರಿಗೆ ಹೇಳಿದೆ. ಬಾಯಿ ತುಂಬ ಕಿತ್ತಳೆ ಇಟ್ಟುಕೊಂಡೇ, "ಹಾಗಾದ್ರೆ ಕಲ್ಲನ್ನ ನೀರಲ್ಲಿ ಹಾಕಿ ನೋಡು, ಸೊನ್ನೆ ಬರುತ್ತೆ. ಅದನ್ನೇ ತಿನ್ನು" ಅಂದರು. ಮಗಳು ಬಿದ್ದು ಬಿದ್ದು ನಕ್ಕಳು. ಒಂಬತ್ತು ವರ್ಷಕ್ಕೇ ಅಪ್ಪನ ಕಡೆಯ ಸಾಕ್ಷಿ.

ಇವರಿಗೆ ಎಲ್ಲವೂ ತಮಾಷೆ.

ಫೆಬ್ರವರಿ 20, ಗುರುವಾರ

ಮ್ಯಾನೇಜರ್ ಚಳಿ ಬಿಡಿಸಿದರು. ಹೋದ ವಾರ ನಾನು ಪಾಸ್ ಮಾಡಿದ ಪಿಯರ್ ಲಾಟ್ ಅಂಗಡಿಯವರಿಂದ ವಾಪಸ್ ಬಂದಿದೆ. ನಂಬರ್ ಹನ್ನೆರಡು, ಸರಿಯಾಗೇ ಇತ್ತು. ಆದರೆ ಹಣ್ಣು ಒಣ ಹಿಟ್ಟಿನ ಹಾಗಂತೆ, ವಾಸನೆಯೇ ಇಲ್ಲವಂತೆ.

"ನೀವು ಬಾಯಿಗೆ ಹಾಕ್ಕೊಂಡಿದ್ರೇನಮ್ಮಾ?"

ಹಾಕಿಕೊಂಡಿದ್ದೆ. ರಸ ಇಳಿಯುವ ಮೊದಲೇ ಉಗುಳಿದ್ದೆ. ಹಾಗೆಂದು ಹೇಳಲು ನಾಚಿಕೆಯಾಯಿತು. ಹದಿನಾಲ್ಕು ವರ್ಷದಲ್ಲಿ ಇದು ಮೊದಲು.

ಸಂಜೆ ಬಸ್ ಸ್ಟಾಪಿನವರೆಗೆ ಕೈ ಮೂಸುತ್ತಾ ಬಂದೆ. ಎಷ್ಟು ತೊಳೆದರೂ ಕಿತ್ತಳೆ ಸಿಪ್ಪೆಯ ವಾಸನೆ ಹೋಗುವುದಿಲ್ಲ... ಹೋಗದಿರಲಿ. ಮನೆಗೆ ಬಂದು ಐದು ರಸ್ಕ್ ತಿಂದೆ. ಆಮೇಲೆ ಮೂರು.

ಮಾರ್ಚ್ 4, ಮಂಗಳವಾರ

ತೂಕ 73. ಒಂದು ತಿಂಗಳಿಗೆ ಒಂದೇ ಕೆ.ಜಿ. ದಿನಾ ಮುಕ್ಕಾಲು ಗಂಟೆ ನಡೆಯುತ್ತೇನೆ. ಒಂದು ದ್ರಾಕ್ಷಿಯೂ ಗಂಟಲಿಗೆ ಇಳಿದಿಲ್ಲ. ಮತ್ತೇನು ಮಾಡಬೇಕು?

ಹೊಟ್ಟೆ ಗಟ್ಟಿ, ತಲೆ ಭಾರ, ಎಲ್ಲರ ಮೇಲೂ ಸಿಡುಕು. ಮಗಳು ಸೇಬಿನ ಕೊನೆಯ ತುಂಡನ್ನು ತಟ್ಟೆಯಲ್ಲಿ ಬಿಟ್ಟು ಎದ್ದಳು. ಬೈದೆ. ಬಿಟ್ಟಿದ್ದಕ್ಕಲ್ಲ. ನನ್ನ ಕಣ್ಣೆದುರು ಬಿಟ್ಟಿದ್ದಕ್ಕೆ.

ಅಕ್ಕನಿಗೆ ಫೋನ್ ಮಾಡಿದೆ. "ಇಳೀದಿದ್ರೆ ಬಿಡೇ, ನಿನ್ನ ತಪ್ಪಲ್ಲ" ಅಂದಳು. ದನಿಯಲ್ಲಿ ಯಾಕೋ ಒಂದು ಥರ ನೆಮ್ಮದಿ. ರಸ್ಕ್ ಮುಗಿದಿದ್ದರೆ ಇನ್ನೊಂದು ಡಬ್ಬಿ ಕಳಿಸುತ್ತಾಳಂತೆ.

ಮಾರ್ಚ್ 17, ಸೋಮವಾರ. ಆಸ್ಪತ್ರೆಯಿಂದ ಬಂದು

ಹತ್ತೊಂಬತ್ತು.

ಆರು ವಾರಕ್ಕೆ ಎರಡು ಪಾಯಿಂಟ್. ಡಾಕ್ಟರು ಬೈಯಲಿಲ್ಲ, ಅದೇ ಹೆಚ್ಚು ನೋವು. ಇನ್ನೂ ಆರು ವಾರ ಕೊಡುತ್ತಾರೆ. ಅಕ್ಕನ ದೇಹ ಅಲ್ಲಿಯವರೆಗೆ ತಡೆದರೆ. "ತಡೆದರೆ" ಎನ್ನುವಾಗ ಫೈಲಿನ ಕಡೆ ನೋಡುತ್ತಿದ್ದರು.

ಈ ಸಲ ಡಯೆಟಿಷಿಯನ್ ಕೋಣೆಗೆ ತಾವೇ ಕರೆದುಕೊಂಡು ಹೋಗಿ ಬಿಟ್ಟರು. ಚಿಕ್ಕ ಹುಡುಗಿ, ನನಗಿಂತ ಹದಿನೈದು ವರ್ಷ ಚಿಕ್ಕವಳು. ಏನೇನು ತಿನ್ನುತ್ತೀರಿ ಎಂದಳು. ಹೇಳಿದೆ. ಮೀಟರಿನ ಪರೀಕ್ಷೆಯನ್ನೂ ಹೆಮ್ಮೆಯಿಂದ ಹೇಳಿದೆ. ನಗು ತಡೆಯಲು ಪಾಪ ಪೆನ್ನು ಕಚ್ಚಿಕೊಂಡಳು.

"ಮೇಡಂ, ನಿಮ್ಮ ಮೀಟರಿಗೆ ನೀರಲ್ಲಿ ಕರಗಿದ್ದು ಮಾತ್ರ ಕಾಣುತ್ತೆ. ರಸ್ಕ್ ಪೂರ್ತಿ ಹಿಟ್ಟು. ಒಳಗೆ ಹೋದ್ಮೇಲೆ ಅದೂ ಸಕ್ಕರೆಯೇ ಆಗೋದು. ನಿಮ್ಮ ಗಾಜಿನ ಮೇಲೆ ಅದು ಗೊತ್ತಾಗಲ್ಲ."

"ಹಾಗಾದ್ರೆ ಹಣ್ಣಲ್ಲಿ ಸಕ್ಕರೆ ಇಲ್ವಾ?"

"ಇದೆ. ಯಾರಿಲ್ಲ ಅಂದ್ರು? ಆದ್ರೆ ಜೊತೆಗೆ ನಾರಿದೆ, ನೀರಿದೆ, ಅಗೀಬೇಕು. ಎರಡು ಸೇಬು ತಿನ್ನೋಷ್ಟರಲ್ಲಿ ಸಾಕಪ್ಪಾ ಅನ್ಸುತ್ತೆ. ಎಂಟು ರಸ್ಕ್ ತಿಂದ್ರೆ ಒಂಬತ್ತನೇದಕ್ಕೆ ಕೈ ಹೋಗುತ್ತೆ. ಹೌದೋ ಅಲ್ವೋ?"

ಹೌದು. ಹೋಗುತ್ತದೆ.

ದಿನಕ್ಕೆ ಎರಡು ಹಣ್ಣು, ಬೇಕಾದರೆ ಮೂರು. ಇಡೀ ಹಣ್ಣು. ಜ್ಯೂಸ್ ಬೇಡ, ಒಣಗಿಸಿದ್ದು ಬೇಡ, ದ್ರಾಕ್ಷಿ ಗೊಂಚಲು ತೊಡೆಯ ಮೇಲಿಟ್ಟುಕೊಂಡು ಕೂರುವುದು ಬೇಡ. ಬ್ರೆಡ್, ಬಿಸ್ಕತ್ತು, ರಸ್ಕ್ ಬಂದ್. ತರಕಾರಿ, ಬೇಳೆ, ಮೊಟ್ಟೆ ಜಾಸ್ತಿ. ಚೀಟಿಯಲ್ಲಿ ಬರೆದುಕೊಟ್ಟಳು.

ಬೆಪ್ಪು ತಕ್ಕಡಿ ನಾನು. ಅಕ್ಕನ ಆರು ವಾರ ನುಂಗಿ ಹಾಕಿದೆ.

ಮಾರ್ಚ್ 18, ಮಂಗಳವಾರ

ಮಧ್ಯಾಹ್ನ ಒಂದು ಕಿತ್ತಳೆ. ಸುಲಿದು, ಎಳೆ ಎಳೆ ಬಿಡಿಸಿ, ತಿಂದೆ. ಬೀಜ ಸಮೇತ ನುಂಗಿಬಿಟ್ಟೆ, ಅಷ್ಟು ಆತುರ. ಪಾಪ ಮಾಡಿದವಳ ಹಾಗೆ ಸಿಪ್ಪೆಯನ್ನು ಕಾಗದದಲ್ಲಿ ಸುತ್ತಿ ಮುಚ್ಚಿಟ್ಟೆ.

ಯಾಕೆ ಹಾಗೆ? ಚೀಟಿಯಲ್ಲಿ ಬರೆದಿದೆ, ತಿನ್ನಬಹುದು ಅಂತ. ಆದರೂ ಮನಸ್ಸು ಒಪ್ಪಲಿಲ್ಲ.

ಕ್ರೇಟಿನ ಮೇಲೆ ಕೂತು ಯೋಚಿಸಿದೆ. ಬ್ರೆಡ್ ಎಂದರೆ ನನಗೆ ಅಷ್ಟಕ್ಕಷ್ಟೆ. ಅದನ್ನು ಬಿಡಬೇಕು ಎಂದು ಒಂದು ಸಲವೂ ಹೊಳೆಯಲಿಲ್ಲ. ಹಣ್ಣು ಜೀವ. ಮೊದಲು ಬಿಟ್ಟಿದ್ದೇ ಅದನ್ನು. ನಂಬರ್, ಮೀಟರ್, ಸಕ್ಕರೆ — ಎಲ್ಲ ಆಮೇಲೆ ಹುಡುಕಿಕೊಂಡ ನೆಪ. ಅಕ್ಕ ಹಾಗೆ ಒಣಗುತ್ತಿರುವಾಗ ನನ್ನ ನಾಲಿಗೆಗೆ ಸುಖ ಬೇಡ ಎಂದುಕೊಂಡಿದ್ದೆ, ಅಷ್ಟೆ. ನನಗೆ ನಾನೇ ಶಿಕ್ಷೆ ಕೊಟ್ಟುಕೊಂಡು ಅದಕ್ಕೆ ಡಯೆಟ್ ಎಂದು ಹೆಸರಿಟ್ಟೆ. ನಾನು ನರಳಿದರೆ ಅವಳ ಲಿವರಿಗೆ ಏನು ಲಾಭ?

ಯಾರಿಗೂ ಹೇಳಲಿಲ್ಲ. ಸಂಜೆ ಒಂದು ಸೇಬು. ಅದು ಸ್ವಲ್ಪ ಸುಲಭವಾಯಿತು.

ಮಾರ್ಚ್ 20, ಗುರುವಾರ

ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ಅಕ್ಕನಿಗೆ ಡಯೆಟಿಷಿಯನ್ ಚೀಟಿ ತೋರಿಸಲು ಹೋದೆ. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಹುಡುಕಲು ಮಿಷನ್ನಿನ ಡ್ರಾಯರ್ ಎಳೆದರೆ ಅಲ್ಲೊಂದು ಚೀಟಿ. ಅದೇ ಹುಡುಗಿಯ ಕೈಬರಹ. ಅಕ್ಕನ ಹೆಸರು, ಜನವರಿ ತಾರೀಖು. ಅದರ ಹಿಂಬದಿಯಲ್ಲಿ ಅಕ್ಕನ ಅಕ್ಷರ: "ಲಿವರ್ ಕೊಡುವವರಿಗೆ — ಬ್ರೆಡ್, ರಸ್ಕ್, ಬಿಸ್ಕತ್ತು ಬೇಡ. ಹಣ್ಣು ಹಿತಮಿತ."

"ನಿಂಗೆ ಗೊತ್ತಿತ್ತಾ?"

ಮಿಷನ್ ನಿಲ್ಲಿಸಲಿಲ್ಲ. ಹೊಲಿಗೆ ಮುಗಿಸಿ, ದಾರ ಹಲ್ಲಿನಲ್ಲಿ ಕಡಿದು, ಆಮೇಲೆ ಹೇಳಿದಳು. "ಗೊತ್ತಿತ್ತು."

"ಗೊತ್ತಿದ್ದೂ ಡಬ್ಬಿ ಡಬ್ಬಿ ಕೊಟ್ಯಾ?"

"ನೀನು ಪಾಸ್ ಆಗೋದು ನಂಗೆ ಬೇಡವಾಗಿತ್ತು ಕಣೇ. ನಿಂಗೆ ಒಂಬತ್ತು ವರ್ಷದ ಮಗಳಿದಾಳೆ. ನಿನ್ನ ಹೊಟ್ಟೆ ಕುಯ್ಸಿ ನಾನು ಬದುಕ್ಬೇಕಾ? ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಆ ಮಗು ಮುಖ ನಾನು ಹೆಂಗೆ ನೋಡ್ಲಿ? ಬೇಡ ಅಂದ್ರೆ ನೀನು ಕೇಳೋಳಲ್ಲ. ಅದಕ್ಕೇ..."

"ಅದಕ್ಕೆ ನಂಗೆ ಮೋಸ ಮಾಡ್ದೆ."

"ಹೂಂ. ಮಾಡ್ದೆ."

ಸಿಟ್ಟು ನೆತ್ತಿಗೇರಿತು. ಹೊಲಿದು ಮಡಿಸಿಟ್ಟಿದ್ದ ಪರದೆಗಳನ್ನೆಲ್ಲ ನೆಲಕ್ಕೆ ಎಳೆದು ಹಾಕಿದೆ. ಅವಳು ಅವನ್ನು ಒಂದೊಂದಾಗಿ ಎತ್ತಿಕೊಳ್ಳುತ್ತಿದ್ದಳು, ಆ ಊದಿದ ಕಾಲಿನಲ್ಲಿ. ಹಿಂದೆ ತಿರುಗಿ ನೋಡದೆ ಬಂದೆ.

ಏಪ್ರಿಲ್ 2, ಬುಧವಾರ

ಹದಿಮೂರು ದಿನ. ನಾನೂ ಹೋಗಲಿಲ್ಲ, ಅವಳೂ ಫೋನ್ ಮಾಡಲಿಲ್ಲ. ಚೀಟಿಯ ಪ್ರಕಾರ ತಿನ್ನುತ್ತಿದ್ದೇನೆ. ಹಟಕ್ಕೆ. ತೂಕ 71.

ಇವತ್ತು ಊಟದ ಹೊತ್ತಿಗೆ ಫೋನ್. ಹಲೋ ಇಲ್ಲ, ಹೇಗಿದ್ದೀಯ ಇಲ್ಲ. "ಏನ್ ತಿಂದೆ?"

"ಸೊಪ್ಪು, ಬೇಳೆ, ಒಂದು ಸೀಬೆ."

"ಸೀಬೆ ಎಷ್ಟು ದೊಡ್ಡದು?"

"ಕೈ ಮುಷ್ಟಿಯಷ್ಟು."

"ಸರಿ." ಇಟ್ಟುಬಿಟ್ಟಳು.

ಅರ್ಧ ಗಂಟೆ ಕಾದೆ, ಮತ್ತೆ ಮಾಡುತ್ತಾಳೇನೋ ಎಂದು. ಮಾಡಲಿಲ್ಲ. ಆದರೂ ಕೆಲಸ ಹಗುರವಾಯಿತು. ಸಂಜೆಯವರೆಗೆ ಒಂದು ಲಾಟ್ ಕೂಡ ತಪ್ಪಲಿಲ್ಲ.

ಏಪ್ರಿಲ್ 13, ಭಾನುವಾರ

ದಿನಾ ಫೋನ್. ದಿನಾ ಅದೇ ಪ್ರಶ್ನೆ. ನಿನ್ನೆ ಎರಡು ಬಾಳೆಹಣ್ಣು ಅಂದಿದ್ದಕ್ಕೆ, "ಎರಡೂ ಒಟ್ಟಿಗೇನಾ?" ಎಂದು ಪೊಲೀಸರ ಹಾಗೆ ವಿಚಾರಣೆ. ಇವರು ಪಕ್ಕದಲ್ಲಿ ಕೂತು ನಗುತ್ತಿದ್ದರು. ಈಗ ಅವರ ತಮಾಷೆಗೆ ನನಗೂ ನಗು ಬರುತ್ತದೆ.

ಇವತ್ತು ಅವಳನ್ನು ವಾರ್ಡಿಗೆ ಸೇರಿಸಿದೆವು. ಹೊಟ್ಟೆಯಲ್ಲಿ ನೀರು ತುಂಬಿದೆ. ಹೊದಿಕೆಯ ಅಂಚು ಬಿಟ್ಟಿದೆಯೆಂದು ನರ್ಸಿನ ಹತ್ತಿರ ಸೂಜಿ ಕೇಳುತ್ತಿದ್ದಳು. ಅವಳ ಕೈ ಹಿಡಿದುಕೊಂಡೆ. ಪರದೆ ಎಳೆದು ಹಾಕಿದ್ದಕ್ಕೆ ಕ್ಷಮಿಸು ಅಂದೆ.

"ಎರಡಕ್ಕೆ ಮತ್ತೆ ಇಸ್ತ್ರಿ ಮಾಡ್ಬೇಕಾಯ್ತು" ಅಂದಳು, ಅಷ್ಟೆ.

ಆಪರೇಷನ್ನಿಗೆ ಒಪ್ಪಿಗೆಯ ಫಾರಂ ಮೇಜಿನ ಮೇಲಿದೆ. ನನ್ನ ಸಹಿ ಫೆಬ್ರವರಿಯಲ್ಲೇ ಆಗಿದೆ. ಅವಳದು ಬೇಕು. ಕೇಳಿದರೆ ಗೋಡೆ ಕಡೆ ತಿರುಗುತ್ತಾಳೆ. ನನಗೆ ಭಯವಾಗುತ್ತಿದೆ. ಸ್ಕ್ಯಾನಿನ ಭಯವಲ್ಲ. ನಾನು ಪಾಸಾದರೂ ಅವಳು ಬೇಡ ಅಂದರೆ?

ಏಪ್ರಿಲ್ 28, ಸೋಮವಾರ

ಸ್ಕ್ಯಾನ್ ಆಯಿತು. ತೂಕ 67. ರಿಸಲ್ಟ್ ಬುಧವಾರ.

ಅಕ್ಕ ಇವತ್ತು ಮಾತೇ ಕಡಿಮೆ. ಏನ್ ತಿಂದೆ ಎಂದು ಮಾತ್ರ ಕೇಳಿದಳು. ಹೇಳುವಷ್ಟರಲ್ಲಿ ಮಂಪರು.

ಏಪ್ರಿಲ್ 30, ಬುಧವಾರ. ಬೆಳಿಗ್ಗೆ 10.20, ವಾರ್ಡಿನಲ್ಲಿ

ಎಂಟು.

ಡಾಕ್ಟರು ಕಾರಿಡಾರಿನಲ್ಲೇ ಹೇಳಿದರು. ನಾನು ಎರಡು ಸಲ ಕೇಳಿದೆ. ಎಂಟೇ. ಅಕ್ಕನ ಸಹಿಯಾದರೆ ಶುಕ್ರವಾರವೇ ಆಪರೇಷನ್. ತಡ ಮಾಡುವ ಹಾಗಿಲ್ಲವಂತೆ.

ಓಡಿ ಬಂದೆ. ಅಕ್ಕ ಮಲಗಿದ್ದಾಳೆ. ಎಬ್ಬಿಸಲು ಧೈರ್ಯ ಇಲ್ಲ. ಎದ್ದರೆ ಹೇಳಬೇಕು, ಹೇಳಿದರೆ ಅವಳು ಗೋಡೆ ಕಡೆ ತಿರುಗಬಹುದು. ಮಲಗಿರುವಷ್ಟು ಹೊತ್ತು ಅವಳು ಬೇಡ ಅಂದಿಲ್ಲ. ಅದಕ್ಕೇ ಕುರ್ಚಿಯಲ್ಲಿ ಕೂತು ಇದನ್ನು ಗೀಚುತ್ತಿದ್ದೇನೆ. ಹೊರಗಡೆ ತಳ್ಳುಗಾಡಿಯ ಸದ್ದು. ಅವಳ ಉಸಿರು ಎಣಿಸುತ್ತಿದ್ದೇನೆ. ಏನು ಹೇಳಿ ಒಪ್ಪಿಸಲಿ? ಮಗಳ ಹೆಸರು ತೆಗೆದರೆ ಮತ್ತೆ ಹಳೇ ವಾದ. ಅತ್ತರೆ ಬೈಯುತ್ತಾಳೆ. ಬೈದರೆ

ಎಚ್ಚರವಾಗಿದ್ದಾಳೆ. ಎಷ್ಟು ಹೊತ್ತಿಂದಲೋ ನನ್ನನ್ನೇ ನೋಡುತ್ತಿದ್ದಾಳೆ.

"ಬರೆದಿದ್ದು ಸಾಕು. ಎಷ್ಟು ಬಂತು ಹೇಳೇ."

ಬೆರಳು ತೋರಿಸಿದೆ, ಒಂದು ಕೈಯಲ್ಲಿ ಐದು, ಇನ್ನೊಂದರಲ್ಲಿ ಮೂರು.

ನನ್ನ ಬೆರಳುಗಳನ್ನು ಒಂದೊಂದಾಗಿ ಎಣಿಸಿದಳು. "ನಂಗೆ ಬದುಕ್ಬೇಕು ಅನ್ಸುತ್ತೆ ಕಣೇ" ಅಂದಳು, ಯಾರದೋ ವಸ್ತು ಕೇಳುವವಳ ಹಾಗೆ, ಅಷ್ಟು ಮೆತ್ತಗೆ. "ತುಂಬಾ ಬದುಕ್ಬೇಕು. ಪೆನ್ನು ಕೊಡಿಲ್ಲಿ."

ಕೊಡಬೇಕು, ಇನ್ನೊಂದೇ ಒಂದು ಸಾಲು ಬರೆದು